ಇದ್ದದ್ದು ಉಳಿಯಬೇಕು, ಹೊಸದೂ ಬರಬೇಕು: ಒಂದೇ ಕಂಪ್ಯೂಟರಿನಲ್ಲಿ ಎರಡು ಆಪರೇಟಿಂಗ್ ಸಿಸ್ಟಮ್

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಭದ್ರತಾ ಅಪ್‌ಡೇಟ್‌ಗಳು ನಿಂತವು. ನೋಂದಾಯಿಸಿಕೊಂಡವರಿಗೆ ಇನ್ನೊಂದು ವರ್ಷದ ವಾಯಿದೆ ಸಿಕ್ಕಿತು. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಕಂಪ್ಯೂಟರಿನಲ್ಲಿ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು, ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ತಲೆಮಾರಿನದೋ ಆಮೇಲಿನದೋ ಆಗಿರಬೇಕು. ಈ ಪರೀಕ್ಷೆಯಲ್ಲಿ ಪಾಸಾಗದ, ಆದರೆ ಇನ್ನೂ ಗಟ್ಟಿಮುಟ್ಟಾಗಿರುವ ಯಂತ್ರಗಳು ನಮ್ಮಲ್ಲಿ ಬಹಳ ಇವೆ. ಅಫಜಲಪುರದ ಸೊನ್ನದಿಂದ ಹಿಡಿದು ಜೇವರ್ಗಿ, ಆಳಂದದವರೆಗೆ ಭೀಮೆಯ ಆಸುಪಾಸಿನ ಊರುಗಳಲ್ಲಿ ಪದವಿ ಓದುವ ಮಕ್ಕಳ ಕೈಯಲ್ಲಿರುವುದು ಹೆಚ್ಚಾಗಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, ಇಲ್ಲವೇ ಅಣ್ಣನೋ ಅಕ್ಕನೋ ಬಳಸಿ ಬಿಟ್ಟದ್ದು. ಆಳಂದ ತಾಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಅಲ್ಲಿಗೆ ಹೋಗುವ ವಿದ್ಯಾರ್ಥಿಗೂ ಕಲಬುರಗಿಯ ಎಂಜಿನಿಯರಿಂಗ್ ಕಾಲೇಜಿಗೆ ಹೋಗುವ ವಿದ್ಯಾರ್ಥಿಗೂ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಒಂದಲ್ಲ ಒಂದು ದಿನ ಬೇಕಾಗುತ್ತದೆ.

ಹಾಗೆಂದು ವಿಂಡೋಸ್ ತೆಗೆದು ಎಸೆಯಲು ಯಾರೂ ಸಿದ್ಧರಿಲ್ಲ. ಅದರಲ್ಲಿ ತಂಗಿಯ ಮದುವೆಯ ಫೋಟೊ ಇದೆ, ಅಪ್ಪನ ಸಾಲದ ಕಾಗದದ ಸ್ಕ್ಯಾನ್ ಇದೆ, ಸ್ತ್ರೀಶಕ್ತಿ ಸಂಘದ ಲೆಕ್ಕವಿದೆ, ಅರ್ಧ ಬರೆದ ಪ್ರಬಂಧವಿದೆ. ಆದ್ದರಿಂದ ಪ್ರಶ್ನೆ ಸರಳವಾಗಿಯೇ ಹುಟ್ಟುತ್ತದೆ: ಇದ್ದದ್ದನ್ನು ಕಳೆದುಕೊಳ್ಳದೆ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಹಾಕಿಕೊಳ್ಳಬಹುದೇ? ಹಾಕಿಕೊಳ್ಳಬಹುದು. ಮಾರ್ಗಗಳು ಐದಾರು ಇವೆ, ಅಪಾಯಗಳು ಎಲ್ಲೆಲ್ಲಿವೆ ಎಂಬುದೂ ಗೊತ್ತಿದೆ. ಅವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ.

ಡಿಸ್ಕಿನೊಳಗೆ ಏನಿರುತ್ತದೆ

ಹಾರ್ಡ್‌ಡಿಸ್ಕ್ ಅಥವಾ ಎಸ್‌ಎಸ್‌ಡಿಯ ಆರಂಭದಲ್ಲಿ ಪಾರ್ಟಿಷನ್ ಪಟ್ಟಿ ಇರುತ್ತದೆ. ಯಾವ ಭಾಗ ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳುವುದು ಅದೇ. ಹೊಲಕ್ಕೆ ಪಹಣಿ ಇದ್ದ ಹಾಗೆ: ಪಹಣಿ ಹರಿದರೂ ಹೊಲ ಇದ್ದಲ್ಲೇ ಇರುತ್ತದೆ, ಆದರೆ ಯಾರದು, ಎಷ್ಟು ಎಂದು ಹೇಳುವವರು ಇರುವುದಿಲ್ಲ. ಹಳೆಯ ಎಂಬಿಆರ್ ಪದ್ಧತಿಯ ಪಟ್ಟಿಯಲ್ಲಿ ನಾಲ್ಕೇ ಪ್ರಧಾನ ಪಾರ್ಟಿಷನ್‌ಗಳಿಗೆ ಜಾಗವಿತ್ತು, ಡಿಸ್ಕ್ 2 ಟೆರಾಬೈಟ್ ದಾಟುವಂತಿರಲಿಲ್ಲ. ಈಗಿನ ಜಿಪಿಟಿ ಪದ್ಧತಿಯಲ್ಲಿ ವಿಂಡೋಸ್ 128 ಪಾರ್ಟಿಷನ್‌ಗಳಿಗೆ ಅವಕಾಶ ಕೊಡುತ್ತದೆ. ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲೂ ಇರುತ್ತದೆ.

ಕಂಪ್ಯೂಟರ್ ಏಳುವ ರೀತಿಯೂ ಬದಲಾಗಿದೆ. ಬಯೋಸ್ ಕಾಲದಲ್ಲಿ ಡಿಸ್ಕಿನ ಮೊದಲ 512 ಬೈಟ್‌ಗಳಲ್ಲಿ ಸಿಸ್ಟಮನ್ನು ಎಬ್ಬಿಸುವ ಒಂದೇ ಒಂದು ಬೂಟ್ ಲೋಡರ್‌ಗೆ ಸ್ಥಾನ. ಯಾರು ಕೊನೆಗೆ ಬಂದರೋ ಅವರದೇ ರಾಜ್ಯ. ಮೊದಲು ವಿಂಡೋಸ್, ಆಮೇಲೆ ಲಿನಕ್ಸ್ ಎಂಬ ನಿಯಮ ಹುಟ್ಟಿದ್ದು ಹಾಗೆ. 2012ರಲ್ಲಿ ವಿಂಡೋಸ್ 8 ಬಂದ ಮೇಲೆ ಬಯೋಸ್ ಜಾಗದಲ್ಲಿ ಯುಇಎಫ್‌ಐ ಎಲ್ಲೆಡೆ ಹರಡಿತು. ಇದರಲ್ಲಿ ಇಎಫ್‌ಐ ಎಂಬ ಸಣ್ಣದೊಂದು ಪಾರ್ಟಿಷನ್ ಇರುತ್ತದೆ, ಸಾಮಾನ್ಯವಾಗಿ 100 ಎಂಬಿಯಷ್ಟು. ಅದರೊಳಗೆ ಪ್ರತಿಯೊಂದು ಸಿಸ್ಟಮ್‌ಗೂ ಬೇರೆ ಫೋಲ್ಡರ್. ವಿಂಡೋಸಿನ ಲೋಡರ್ ತನ್ನ ಫೋಲ್ಡರಿನಲ್ಲಿ, ಲಿನಕ್ಸಿನ ಗ್ರಬ್ ತನ್ನದರಲ್ಲಿ. ಒಂದು ಇನ್ನೊಂದನ್ನು ಅಳಿಸಬೇಕಾದ ಅಗತ್ಯವೇ ಇಲ್ಲ. ಒಂದೇ ಯಂತ್ರದಲ್ಲಿ ಎರಡು ಸಿಸ್ಟಮ್ ಇಡುವ ಇವತ್ತಿನ ಡ್ಯುಯಲ್ ಬೂಟ್ ಇಪ್ಪತ್ತು ವರ್ಷದ ಹಿಂದಿನದಕ್ಕಿಂತ ಸುರಕ್ಷಿತವಾಗಿರುವುದಕ್ಕೆ ಇದೇ ದೊಡ್ಡ ಕಾರಣ. ಒಂದೇ ಎಚ್ಚರಿಕೆ: ಹಳೆಯ ಪಾರ್ಟಿಷನ್ ಎಂದುಕೊಂಡು ಈ ಇಎಫ್‌ಐ ಭಾಗವನ್ನು ಫಾರ್ಮ್ಯಾಟ್ ಮಾಡಬಾರದು. ಮಾಡಿದರೆ ಕಡತಗಳು ಉಳಿಯುತ್ತವೆ, ವಿಂಡೋಸ್ ಮಾತ್ರ ಏಳುವುದಿಲ್ಲ.

ಕಳೆದುಹೋಗುವ ಮೂರು ಬಗೆ

ಡೇಟಾ ಹೋಯಿತು ಎನ್ನುವಾಗ ಜನ ಮೂರು ಬೇರೆ ಬೇರೆ ಸಂಗತಿಗಳನ್ನು ಹೇಳುತ್ತಿರುತ್ತಾರೆ. ಅವನ್ನು ಬಿಡಿಸಿ ನೋಡದಿದ್ದರೆ ಯಾವ ಮದ್ದು ಯಾವುದಕ್ಕೆ ಎಂದು ತಿಳಿಯುವುದಿಲ್ಲ.

ಮೊದಲನೆಯದು ಅಳಿದುಹೋಗುವುದು. ತಪ್ಪು ಪಾರ್ಟಿಷನ್ ಫಾರ್ಮ್ಯಾಟ್ ಆಗುತ್ತದೆ, ಇಲ್ಲವೇ ಇಡೀ ಡಿಸ್ಕ್ ಹೊಸದಾಗುತ್ತದೆ. ಹಳೆಯ ಹಾರ್ಡ್‌ಡಿಸ್ಕ್‌ನಲ್ಲಿ ಪಟ್ಟಿ ಮಾತ್ರ ಹೋಗಿದ್ದರೆ ಟೆಸ್ಟ್‌ಡಿಸ್ಕ್‌ನಂಥ ಉಚಿತ ತಂತ್ರಾಂಶ ಅದನ್ನು ಮತ್ತೆ ಹುಡುಕಿ ಕೊಡುವ ಸಾಧ್ಯತೆ ಇರುತ್ತಿತ್ತು. ಎಸ್‌ಎಸ್‌ಡಿಯಲ್ಲಿ ಆ ಭರವಸೆ ಬಹಳ ಕಡಿಮೆ. ಲಿನಕ್ಸಿನ ಎಕ್ಸ್‌ಟಿ4 ಫಾರ್ಮ್ಯಾಟ್ ಮಾಡುವಾಗಲೇ, ಈ ಜಾಗ ಖಾಲಿ ಎಂದು ಎಸ್‌ಎಸ್‌ಡಿಗೆ ಸೂಚನೆ ಹೋಗುತ್ತದೆ. ಎಸ್‌ಎಸ್‌ಡಿ ತನ್ನೊಳಗೇ ಅದನ್ನು ಒರೆಸಿಹಾಕುತ್ತದೆ. ಕೆಲವು ಕ್ಷಣಗಳ ಕೆಲಸ ಅದು, ಹಿಂದಿರುಗುವ ದಾರಿ ಇರುವುದಿಲ್ಲ.

ಎರಡನೆಯದು ಬೀಗ ಬೀಳುವುದು. ಕಡತಗಳೆಲ್ಲ ಇರುತ್ತವೆ, ಆದರೆ ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಕೀ ಇಲ್ಲದಿದ್ದರೆ ಅಳಿದದ್ದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ಮೂರನೆಯದು ಓದಲಾಗದಿರುವುದು. ಕಡತ ತೆರೆಯುತ್ತದೆ, ಕಾಣುವುದು ಮಾತ್ರ ಅರ್ಥವಿಲ್ಲದ ಅಕ್ಷರಗಳ ಸಾಲು. ಕನ್ನಡಿಗರಿಗೆ ಇದು ಚೆನ್ನಾಗಿ ಗೊತ್ತಿರುವ ಕಷ್ಟ. ಮುಂದೆ ಅದಕ್ಕೆ ಬರುತ್ತೇನೆ.

ಮಾರ್ಗಗಳು ಯಾವುವು

ಎಲ್ಲಕ್ಕಿಂತ ಹಗುರವಾದದ್ದು ಲೈವ್ ಯುಎಸ್‌ಬಿ. ಲಿನಕ್ಸ್ ಮಿಂಟ್ ಅಥವಾ ಉಬುಂಟುವನ್ನು ಪೆನ್‌ಡ್ರೈವ್‌ಗೆ ಬರೆದು ಅದರಿಂದಲೇ ಕಂಪ್ಯೂಟರ್ ಎಬ್ಬಿಸುವುದು. ನಾವಾಗಿ ಡಿಸ್ಕ್ ಮುಟ್ಟದ ಹೊರತು ಅದು ಮುಟ್ಟುವುದಿಲ್ಲ. ವೈಫೈ ಹಿಡಿಯುತ್ತದೆಯೇ, ಸದ್ದು ಬರುತ್ತದೆಯೇ, ಟಚ್‌ಪ್ಯಾಡ್ ಓಡುತ್ತದೆಯೇ ಎಂದು ಒಂದು ಗಂಟೆಯಲ್ಲಿ ನೋಡಿಬಿಡಬಹುದು. ಆದರೆ ಅನೇಕರ ಮೊದಲ ನಷ್ಟ ನಡೆಯುವುದೂ ಇಲ್ಲೇ: ಲಿನಕ್ಸ್ ಬರೆಯುವಾಗ ಪೆನ್‌ಡ್ರೈವ್ ಪೂರ್ತಿ ಅಳಿಯುತ್ತದೆ. ಅದರಲ್ಲಿದ್ದ ಪ್ರಾಜೆಕ್ಟ್ ವರದಿಯನ್ನು ಮೊದಲೇ ಬೇರೆಡೆ ಎತ್ತಿಡಬೇಕು. ಇನ್ನೊಂದು ಮಾತು: ಡೌನ್‌ಲೋಡ್ ಮಾಡುವ ಕಡತ ಮೂರರಿಂದ ಆರು ಜಿಬಿ ಇರುತ್ತದೆ. ದಿನಕ್ಕೆ ಒಂದೂವರೆ, ಎರಡು ಜಿಬಿ ಪ್ಯಾಕ್ ಇರುವ ಮೊಬೈಲಿನಲ್ಲಿ ಅದು ನಡುವೆ ತುಂಡಾಗುವುದು ಸಹಜ. ಇಳಿಸಿಕೊಂಡ ಮೇಲೆ ಎಸ್‌ಎಚ್‌ಎ-256 ಮೊತ್ತ ಡೌನ್‌ಲೋಡ್ ಪುಟದಲ್ಲಿ ಕೊಟ್ಟದ್ದಕ್ಕೆ ಹೊಂದುತ್ತದೆಯೇ ಎಂದು ನೋಡದೆ ಮುಂದುವರಿಯಬಾರದು.

ಎರಡನೆಯದು ವರ್ಚುವಲ್ ಮೆಷಿನ್. ವರ್ಚುವಲ್‌ಬಾಕ್ಸ್‌ನಂಥ ತಂತ್ರಾಂಶದೊಳಗೆ ಲಿನಕ್ಸ್ ಒಂದು ಕಿಟಕಿಯಲ್ಲಿ ಓಡುತ್ತದೆ. ಡಿಸ್ಕಿನ ಪಾರ್ಟಿಷನ್‌ಗಳಿಗೆ ಏನೂ ಆಗುವುದಿಲ್ಲ. ಆದರೆ ಎರಡು ಸಿಸ್ಟಮ್‌ಗಳು ಒಂದೇ ಮೆಮೊರಿ ಹಂಚಿಕೊಳ್ಳಬೇಕು. 4 ಜಿಬಿ ರ್‍ಯಾಮ್ ಇರುವ ಯಂತ್ರದಲ್ಲಿ ಎರಡೂ ತೆವಳುತ್ತವೆ. ಮೂರನೆಯದು ಮೈಕ್ರೋಸಾಫ್ಟ್ 2016ರಿಂದ ಕೊಡುತ್ತಿರುವ ಡಬ್ಲ್ಯುಎಸ್‌ಎಲ್, ಅಂದರೆ ವಿಂಡೋಸಿನೊಳಗೇ ಲಿನಕ್ಸ್ ಆಜ್ಞೆಗಳನ್ನು ನಡೆಸುವ ವ್ಯವಸ್ಥೆ. ಪ್ರೋಗ್ರಾಮಿಂಗ್ ಪಾಠಕ್ಕೆ ಇದು ಸಾಕು. ಬೆಂಬಲ ನಿಂತ ವಿಂಡೋಸ್ ಮಾತ್ರ ಇದರಿಂದ ಸುರಕ್ಷಿತವಾಗುವುದಿಲ್ಲ.

ನಾಲ್ಕನೆಯದು ಎರಡನೇ ಡಿಸ್ಕ್. ಡೆಸ್ಕ್‌ಟಾಪ್ ಇದ್ದರೆ ಇದಕ್ಕಿಂತ ಒಳ್ಳೆಯ ಮಾರ್ಗವಿಲ್ಲ: ವಿಂಡೋಸ್ ಡಿಸ್ಕಿನ ಕೇಬಲ್ ಬಿಚ್ಚಿ, ಹೊಸ ಡಿಸ್ಕಿಗೆ ಲಿನಕ್ಸ್ ಹಾಕಿ, ಮತ್ತೆ ಜೋಡಿಸಿದರಾಯಿತು. ಬಿಚ್ಚಿಟ್ಟ ಡಿಸ್ಕನ್ನು ಯಾವ ತಪ್ಪೂ ಅಳಿಸಲಾರದು. ಕೆಲವು ಲ್ಯಾಪ್‌ಟಾಪ್‌ಗಳಲ್ಲೂ ಇನ್ನೊಂದು ಎಸ್‌ಎಸ್‌ಡಿಗೆ ಜಾಗವಿರುತ್ತದೆ.

ಐದನೆಯದು ಇದ್ದ ಡಿಸ್ಕನ್ನೇ ಪಾಲು ಮಾಡುವುದು. ಡ್ಯುಯಲ್ ಬೂಟ್ ಎಂದಾಗ ಹೆಚ್ಚಿನವರ ಮನಸ್ಸಿನಲ್ಲಿರುವುದು ಇದೇ. 2008ರಲ್ಲಿ ಉಬುಂಟು ಜೊತೆ ಬಂದ ವೂಬಿ, ಪಾಲು ಮಾಡದೆಯೇ ವಿಂಡೋಸಿನೊಳಗಿನ ಒಂದು ದೊಡ್ಡ ಕಡತದಲ್ಲಿ ಲಿನಕ್ಸ್ ಕೂರಿಸುತ್ತಿತ್ತು. ಯುಇಎಫ್‌ಐ ಯುಗಕ್ಕೆ ಅದು ಹೊಂದಲಿಲ್ಲ, ಮರೆಯಾಯಿತು.

ಪಾಲು ಮಾಡುವ ಹೊತ್ತು

ವಿಂಡೋಸ್ ಪಾರ್ಟಿಷನ್ ಕುಗ್ಗಿಸುವ ಕೆಲಸವನ್ನು ವಿಂಡೋಸಿಗೇ ಬಿಡುವುದು ಒಳ್ಳೆಯದು. 2007ರ ವಿಸ್ಟಾದಿಂದಲೂ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಶ್ರಿಂಕ್ ವಾಲ್ಯೂಮ್ ಎಂಬ ಸೌಲಭ್ಯವಿದೆ. ಅದಕ್ಕೂ ಮೊದಲು ಪಾರ್ಟಿಷನ್ ಮ್ಯಾಜಿಕ್‌ನಂಥ ಹಣದ ತಂತ್ರಾಂಶಗಳನ್ನೋ ಲಿನಕ್ಸ್ ಕಡೆಯ ಸಾಧನಗಳನ್ನೋ ನಂಬಬೇಕಿತ್ತು.

ಇಲ್ಲಿ ಹೊಸಬರನ್ನು ಕಂಗೆಡಿಸುವ ಸಂಗತಿಯೊಂದಿದೆ. ಸಿ ಡ್ರೈವ್‌ನಲ್ಲಿ 140 ಜಿಬಿ ಖಾಲಿ ಇದೆ ಎಂದು ಕಾಣುತ್ತದೆ. ಕುಗ್ಗಿಸಲು ಹೋದರೆ 30 ಜಿಬಿ ಮಾತ್ರ ಸಾಧ್ಯ ಎನ್ನುತ್ತದೆ. ಡಿಸ್ಕ್ ಕೆಟ್ಟಿಲ್ಲ. ಪೇಜ್‌ಫೈಲ್, ಹೈಬರ್ನೇಷನ್ ಕಡತ, ಸಿಸ್ಟಮ್ ರಿಸ್ಟೋರ್ ನಕಲುಗಳಂಥ ಜರುಗದ ಕಡತಗಳು ನಡುವೆ ಎಲ್ಲೋ ಕೂತಿರುತ್ತವೆ, ಅವುಗಳಾಚೆಗಿನ ಜಾಗವನ್ನಷ್ಟೇ ವಿಂಡೋಸ್ ಬಿಟ್ಟುಕೊಡುತ್ತದೆ. ಅವನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ರೀಸ್ಟಾರ್ಟ್ ಮಾಡಿ ಮತ್ತೆ ಪ್ರಯತ್ನಿಸಿದರೆ ಸಾಮಾನ್ಯವಾಗಿ ಹೆಚ್ಚು ಜಾಗ ಸಿಗುತ್ತದೆ. ಉಬುಂಟುವಿಗೆ ಕನಿಷ್ಠ 25 ಜಿಬಿ ಬೇಕು. ದಿನದ ಬಳಕೆಗೆ 60 ಜಿಬಿಯಾದರೂ ಇರಲಿ. ಬಿಡಿಸಿಕೊಂಡ ಜಾಗವನ್ನು ಹಾಗೇ ಖಾಲಿ ಬಿಡಬೇಕು, ವಿಂಡೋಸಿನಲ್ಲಿ ಅದಕ್ಕೊಂದು ಹೊಸ ಡ್ರೈವ್ ಮಾಡಬಾರದು. ಹಳೆಯ ಎಂಬಿಆರ್ ಡಿಸ್ಕಿನಲ್ಲಿ ಐದನೇ ಪಾರ್ಟಿಷನ್ ಮಾಡಲು ಹೋದರೆ ಡೈನಾಮಿಕ್ ಡಿಸ್ಕ್ ಮಾಡಲೇ ಎಂದು ವಿಂಡೋಸ್ ಕೇಳುತ್ತದೆ. ಒಪ್ಪಬಾರದು, ಆಮೇಲೆ ಲಿನಕ್ಸ್ ಇನ್‌ಸ್ಟಾಲರ್‌ಗೆ ಅಲ್ಲಿ ಕೆಲಸ ಮಾಡುವುದು ಕಷ್ಟ.

ವಿಂಡೋಸ್ 8ರಿಂದ ಬಂದ ಫಾಸ್ಟ್ ಸ್ಟಾರ್ಟಪ್ ಅನ್ನು ಆಫ್ ಮಾಡಬೇಕು. ಅದು ಆನ್ ಇದ್ದರೆ ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮಲಗಿರುವುದಿಲ್ಲ, ಡಿಸ್ಕಿನ ಲೆಕ್ಕ ಅರ್ಧಕ್ಕೆ ತೆರೆದೇ ಇರುತ್ತದೆ. ಆಗ ಲಿನಕ್ಸಿನಿಂದ ಅದೇ ಪಾರ್ಟಿಷನ್‌ಗೆ ಬಲವಂತವಾಗಿ ಬರೆದರೆ ಕಡತಗಳು ಕೆಡುತ್ತವೆ.

ನಿರ್ಣಾಯಕ ಕ್ಷಣ ಇನ್‌ಸ್ಟಾಲರಿನ ಒಂದೇ ಪರದೆಯಲ್ಲಿದೆ. ಅಲ್ಲಿ ಸಾಮಾನ್ಯವಾಗಿ ಮೂರು ಆಯ್ಕೆ: ವಿಂಡೋಸ್ ಜೊತೆಯಲ್ಲಿ ಹಾಕು, ಡಿಸ್ಕ್ ಅಳಿಸಿ ಹಾಕು, ನಾನೇ ಪಾಲು ಮಾಡುತ್ತೇನೆ. ಎರಡನೆಯದು ಇಡೀ ಡಿಸ್ಕನ್ನು ಅಳಿಸುತ್ತದೆ, ಸಿ ಮಾತ್ರವಲ್ಲ, ಡಿ ಡ್ರೈವನ್ನೂ. ಡಿಯಲ್ಲಿ ಇಟ್ಟದ್ದಕ್ಕೆ ಏನೂ ಆಗುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ವಿಂಡೋಸ್ ಹಾಕಿಸುವಾಗ ಸಿಯನ್ನಷ್ಟೇ ಫಾರ್ಮ್ಯಾಟ್ ಹೊಡೆಯುವ ರೂಢಿಯಿಂದ ಬಂದದ್ದು ಅದು. ಇಲ್ಲಿ ಆ ರೂಢಿ ಕಾಯುವುದಿಲ್ಲ. ಡ್ರೈವ್ ಅಕ್ಷರಗಳೂ ಇಲ್ಲಿ ಕಾಣುವುದಿಲ್ಲ, ಗಾತ್ರ ನೋಡಿಯೇ ಗುರುತಿಸಬೇಕು. 512 ಜಿಬಿ ಎಂದು ಕೊಂಡ ಎಸ್‌ಎಸ್‌ಡಿ ವಿಂಡೋಸಿನಲ್ಲಿ 476 ಜಿಬಿ ಎಂದು ಕಾಣುತ್ತದೆ, ಲಿನಕ್ಸಿನಲ್ಲಿ 512 ಎಂದೇ ಕಾಣಬಹುದು. ವಿಂಡೋಸಿನಲ್ಲಿರುವಾಗಲೇ ಡಿಸ್ಕ್ ಮ್ಯಾನೇಜ್‌ಮೆಂಟ್ ಪರದೆಯ ಫೋಟೊ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡರೆ ಹೋಲಿಸಿ ನೋಡಲು ಅನುಕೂಲ. ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣದಿದ್ದರೆ ಇಂಟೆಲ್‌ನ ಆರ್‌ಎಸ್‌ಟಿ ಡಿಸ್ಕ್ ನಿರ್ವಹಣಾ ವ್ಯವಸ್ಥೆ ಕಾರಣವಿರಬಹುದು. ಅದನ್ನು ಎಎಚ್‌ಸಿಐಗೆ ಬದಲಿಸುವ ಮೊದಲು ವಿಂಡೋಸನ್ನು ಸೇಫ್ ಮೋಡ್ ಮೂಲಕ ಸಿದ್ಧಪಡಿಸದಿದ್ದರೆ ವಿಂಡೋಸ್ ಏಳುವುದು ನಿಲ್ಲುತ್ತದೆ.

ಭೀಮಾ ತೀರದ ಊರುಗಳಲ್ಲಿ ಇದಕ್ಕೆಲ್ಲ ಕರೆಂಟಿನ ಚಿಂತೆಯನ್ನೂ ಸೇರಿಸಬೇಕು. ಪಾರ್ಟಿಷನ್ ಕುಗ್ಗುವಾಗ, ಕಡತಗಳು ಜರುಗುವಾಗ ವಿದ್ಯುತ್ ಹೋದರೆ ಹಾನಿ ಖಚಿತವೆಂದೇ ಎಣಿಸಬೇಕು. ಬ್ಯಾಟರಿ ಕೈಕೊಟ್ಟ ಹಳೆಯ ಲ್ಯಾಪ್‌ಟಾಪಿನಲ್ಲಿ ಈ ಕೆಲಸವನ್ನು ಯುಪಿಎಸ್ ಇರುವ ಕಾಲೇಜು ಲ್ಯಾಬಿನಲ್ಲೋ ಅಂಗಡಿಯಲ್ಲೋ ಕೂತು ಮಾಡುವುದು ಲೇಸು.

ಬೀಗದ ಕೈ

ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ, ಹೊಸ ಯಂತ್ರದಲ್ಲಿ ಮೈಕ್ರೋಸಾಫ್ಟ್ ಖಾತೆಯೊಡನೆ ಲಾಗಿನ್ ಆದರೆ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗುತ್ತದೆ. ಹಲವರಿಗೆ ತಮ್ಮ ಡಿಸ್ಕಿಗೆ ಬೀಗವಿದೆ ಎಂಬುದೇ ಗೊತ್ತಿರುವುದಿಲ್ಲ. ಬೂಟ್ ವ್ಯವಸ್ಥೆಯಲ್ಲಿ ಬದಲಾವಣೆ ಕಂಡ ಕೂಡಲೇ ಬಿಟ್‌ಲಾಕರ್ ಸಂಶಯಪಟ್ಟು ಕೀ ಕೇಳುತ್ತದೆ. ಆ ಕೀ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಖಾತೆ ತೆರೆದುಕೊಟ್ಟದ್ದು ಅಂಗಡಿಯವರಾಗಿದ್ದರೆ, ಪಾಸ್‌ವರ್ಡ್ ಅವರಿಗೇ ಗೊತ್ತಿದ್ದರೆ, ಕೀ ಸಿಗುವುದು ಹೇಗೆ? ಆದ್ದರಿಂದ ಏನನ್ನೂ ಮುಟ್ಟುವ ಮೊದಲು 48 ಅಂಕಿಗಳನ್ನು ಕಾಗದದಲ್ಲಿ ಬರೆದುಕೊಳ್ಳಬೇಕು. ಉಬುಂಟುವನ್ನು ವಿಂಡೋಸ್ ಜೊತೆಯಲ್ಲಿ ಹಾಕಬೇಕಾದರೆ ಬಿಟ್‌ಲಾಕರ್ ಆಫ್ ಮಾಡಿ, ಡಿಸ್ಕ್ ಪೂರ್ತಿ ಡಿಕ್ರಿಪ್ಟ್ ಆಗುವವರೆಗೆ ಕಾಯುವುದು ಸುರಕ್ಷಿತ.

ಕನ್ನಡದ ಪ್ರಶ್ನೆ

ನಮ್ಮಲ್ಲಿ ವಿಂಡೋಸನ್ನು ಉಳಿಸಿಕೊಳ್ಳುವವರ ಬಲವಾದ ಕಾರಣ ಬಹಳ ಸಲ ನುಡಿ. ಕನ್ನಡ ಗಣಕ ಪರಿಷತ್ತು ರೂಪಿಸಿದ ಈ ತಂತ್ರಾಂಶ ಸರ್ಕಾರಿ ಕಚೇರಿಗಳಿಂದ ಹಿಡಿದು ಡಿಟಿಪಿ ಅಂಗಡಿಗಳವರೆಗೆ ಹರಡಿತು. 1998ರಲ್ಲಿ ಬಂದ ಬರಹ, ಮುದ್ರಣಾಲಯಗಳ ಶ್ರೀಲಿಪಿ ಇವೂ ವಿಂಡೋಸ್ ಮೇಲೆಯೇ ಬೆಳೆದವು. ಇವುಗಳ ಹಳೆಯ ಕಡತಗಳು ಯೂನಿಕೋಡ್‌ನಲ್ಲಿಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆ ಕನ್ನಡದ ಚಿತ್ರ ಕೂರಿಸಿದ ಫಾಂಟುಗಳಲ್ಲಿವೆ ಅವು. ಫಾಂಟು ಇಲ್ಲದ ಯಂತ್ರದಲ್ಲಿ ಅದೇ ಕಡತ ತೆರೆದರೆ ಒಂದು ಬೈಟೂ ಕೆಟ್ಟಿರುವುದಿಲ್ಲ, ಒಂದು ಪದವೂ ಓದಲು ಬರುವುದಿಲ್ಲ. ನಾನು ಹೇಳಿದ ಮೂರನೇ ಬಗೆಯ ನಷ್ಟ ಇದೇ.

ಹಾಗಾಗಿ ಲಿನಕ್ಸಿಗೆ ಬರುವ ಮೊದಲೇ, ನುಡಿ ಇನ್ನೂ ಓಡುತ್ತಿರುವಾಗಲೇ, ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಅರ್ಕಾವೊತ್ತು, ಒತ್ತಕ್ಷರಗಳ ಜಾಗದಲ್ಲಿ ಪರಿವರ್ತಕಗಳು ತಪ್ಪುವುದುಂಟು. ಆದ್ದರಿಂದ ಮೂಲದ ಜೊತೆ ಪಿಡಿಎಫ್ ಪ್ರತಿಯನ್ನೂ ಇಟ್ಟುಕೊಂಡರೆ ಹೋಲಿಸಬಹುದು. ಇದೊಂದು ಮುಗಿದರೆ ಲಿನಕ್ಸಿನಲ್ಲಿ ಕನ್ನಡಕ್ಕೆ ಕೊರತೆಯಿಲ್ಲ. ಲೋಹಿತ್ ಕನ್ನಡ, ಗುಬ್ಬಿ, ನವಿಲು ಫಾಂಟುಗಳು ಸಿಗುತ್ತವೆ. ಐಬಸ್ ಜೊತೆಗೆ ಎಂ17ಎನ್ ಹಾಕಿಕೊಂಡರೆ ನುಡಿಯಲ್ಲಿ ಕೈಗೆ ಒಗ್ಗಿದ ಕೆಜಿಪಿ ಕೀಲಿಮಣೆಯೇ ದೊರೆಯುತ್ತದೆ. ಕೆ.ಪಿ. ರಾವ್ ರೂಪಿಸಿದ ವಿನ್ಯಾಸವನ್ನು ಆಧರಿಸಿದ ಅದನ್ನು ಮತ್ತೆ ಕಲಿಯಬೇಕಾಗಿಲ್ಲ.

ಲಿನಕ್ಸ್ ಕನ್ನಡದ ಹುಡುಗರಿಗೆ ಹೊರಗಿನದು ಎನ್ನುವವರು ಕಾಸರಗೋಡಿನ ಕಡೆ ನೋಡಬೇಕು. ಕೇರಳದ ಐಟಿ@ಸ್ಕೂಲ್ ಯೋಜನೆ 2001ರಲ್ಲಿ ಶುರುವಾಯಿತು, ಈಗ ಅದು ಕೈಟ್ ಎಂಬ ಸಂಸ್ಥೆ. ಅಲ್ಲಿನ ಶಾಲೆಗಳು ಉಬುಂಟು ಆಧಾರಿತ ಗ್ನು/ಲಿನಕ್ಸ್ ಮೇಲೆಯೇ ಪಾಠ ಮಾಡುತ್ತವೆ, ಕನ್ನಡ ಮಾಧ್ಯಮದ ಮಕ್ಕಳೂ ಅದನ್ನೇ ಕಲಿಯುತ್ತಾರೆ. ಅವರಿಗೆ ಸಾಧ್ಯವಾದದ್ದು ಅಫಜಲಪುರದ ಮಕ್ಕಳಿಗೂ ಸಾಧ್ಯ. ಆದರೆ ಕಾಸರಗೋಡಿನ ಮಕ್ಕಳಿಗಿರುವುದು ಒಂದು ವ್ಯವಸ್ಥೆಯ ಬೆಂಬಲ. ನಮ್ಮ ಮಕ್ಕಳು ಒಬ್ಬೊಬ್ಬರೇ ದಾರಿ ಹುಡುಕಬೇಕಾಗಿದೆ.

ಹಾಕಿದ ಮೇಲೆ

ಎರಡೂ ಸಿಸ್ಟಮ್ ಓಡತೊಡಗಿದ ಮೇಲೆ ಮೊದಲು ಕಾಣುವ ವಿಚಿತ್ರ ಗಡಿಯಾರದ್ದು. ಲಿನಕ್ಸಿನಿಂದ ವಿಂಡೋಸಿಗೆ ಬಂದರೆ ಸಮಯ ಐದೂವರೆ ಗಂಟೆ ಹಿಂದಿರುತ್ತದೆ. ಲಿನಕ್ಸ್ ಯಂತ್ರದ ಗಡಿಯಾರವನ್ನು ಅಂತರರಾಷ್ಟ್ರೀಯ ಸಮಯದಲ್ಲಿ ಇಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯವೆಂದು ಓದುತ್ತದೆ. ಯಾವುದಾದರೂ ಒಂದು ಕಡೆ ಸೆಟ್ಟಿಂಗ್ ಬದಲಿಸಿದರೆ ಸರಿಹೋಗುತ್ತದೆ.

ಅಪ್‌ಡೇಟ್‌ಗಳ ವಿಷಯ ಇನ್ನೂ ಗಂಭೀರ. 2024ರ ಆಗಸ್ಟ್ 13ರ ವಿಂಡೋಸ್ ಅಪ್‌ಡೇಟ್ ಹಳೆಯ ಬೂಟ್ ಲೋಡರ್‌ಗಳನ್ನು ತಡೆಯಲು ಹೋಗಿ, ಅನೇಕ ಡ್ಯುಯಲ್ ಬೂಟ್ ಯಂತ್ರಗಳಲ್ಲಿ ಲಿನಕ್ಸ್ ಏಳದಂತೆ ಮಾಡಿತು. ಕಡತಗಳು ಎಲ್ಲೂ ಹೋಗಿರಲಿಲ್ಲ. ಬೂಟ್ ಲೋಡರ್‌ಗಳನ್ನು ತಪಾಸಣೆ ಮಾಡುವ ಯುಇಎಫ್‌ಐನ ಸೆಕ್ಯೂರ್ ಬೂಟ್ ಸೌಲಭ್ಯವನ್ನು ತಾತ್ಕಾಲಿಕವಾಗಿ ಆಫ್ ಮಾಡಿ ಸರಿಪಡಿಸಬಹುದಿತ್ತು. ಇದಕ್ಕಿಂತ ಕೆಟ್ಟದ್ದು 2018ರ ಅಕ್ಟೋಬರಿನದು. ವಿಂಡೋಸ್ 10ರ 1809 ಅಪ್‌ಡೇಟ್ ಕೆಲವರ ಸ್ವಂತ ಕಡತಗಳನ್ನೇ ಅಳಿಸಿತು, ಮೈಕ್ರೋಸಾಫ್ಟ್ ಅದನ್ನು ಕೆಲವೇ ದಿನಗಳಲ್ಲಿ ತಡೆಹಿಡಿಯಿತು. ಅಲ್ಲಿ ಎರಡನೇ ಸಿಸ್ಟಮ್‌ನ ಪಾತ್ರವೇ ಇರಲಿಲ್ಲ. ಒಂದೇ ಸಿಸ್ಟಮ್ ಇಟ್ಟುಕೊಂಡವರೂ ಡೇಟಾ ಕಳೆದುಕೊಂಡರು.

ನಕಲು

ಮೇಲೆ ಹೇಳಿದ ಎಲ್ಲ ಎಚ್ಚರಿಕೆಗಳೂ ತಪ್ಪಿನ ಸಾಧ್ಯತೆ ಕಡಿಮೆ ಮಾಡುತ್ತವೆ, ಇಲ್ಲವಾಗಿಸುವುದಿಲ್ಲ. ತಪ್ಪಾದ ಮೇಲೂ ಡೇಟಾ ಉಳಿಸುವುದು ಬ್ಯಾಕಪ್ ಒಂದೇ. ಛಾಯಾಗ್ರಾಹಕ ಪೀಟರ್ ಕ್ರೋ ಪ್ರಚಾರಕ್ಕೆ ತಂದ ಸೂತ್ರ ಇಂದಿಗೂ ಸರಿ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಜಾಗದಲ್ಲಿ.

ಬೇರೆ ಜಾಗ ಎಂಬ ಮಾತಿನ ಬೆಲೆ ಭೀಮಾ ತೀರದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಉಜನಿ, ವೀರ ಜಲಾಶಯಗಳಿಂದ ಬಿಟ್ಟ ನೀರು ಸೊನ್ನ ಬ್ಯಾರೇಜ್ ದಾಟಿ ಹರಿದಾಗ ಅಫಜಲಪುರ, ಜೇವರ್ಗಿ ತಾಲೂಕುಗಳ ಎಷ್ಟೋ ಮನೆಗಳಿಗೆ ನುಗ್ಗಿತು. ಅಂಥ ದಿನ ಲ್ಯಾಪ್‌ಟಾಪ್ ಮತ್ತು ಬ್ಯಾಕಪ್ ಡಿಸ್ಕ್ ಒಂದೇ ಟ್ರಂಕಿನಲ್ಲಿದ್ದರೆ ಎರಡು ಪ್ರತಿ ಇದ್ದೂ ಪ್ರಯೋಜನವಿಲ್ಲ. ಒಂದು ಕಲಬುರಗಿಯ ನೆಂಟರ ಮನೆಯಲ್ಲಿರಲಿ, ಮುಖ್ಯ ಕಾಗದಗಳು ಗೂಗಲ್ ಡ್ರೈವ್‌ನಂಥ ಕಡೆಯೂ ಇರಲಿ.

ಬ್ಯಾಕಪ್‌ನಲ್ಲೂ ಎರಡು ಬಗೆ. ಕಡತಗಳನ್ನು ಬಾಹ್ಯ ಡಿಸ್ಕಿಗೆ ನಕಲು ಮಾಡುವುದು ಮೊದಲನೆಯದು, ಇದು ಎಲ್ಲರಿಗೂ ಬೇಕು. ತೈವಾನಿನಲ್ಲಿ ರೂಪುಗೊಂಡ ಕ್ಲೋನ್‌ಜಿಲ್ಲಾ ಅಥವಾ ಅದಕ್ಕಿಂತ ಸುಲಭದ ರೆಸ್ಕ್ಯೂಜಿಲ್ಲಾ ಬಳಸಿ ಇಡೀ ಡಿಸ್ಕಿನ ಪಡಿಯಚ್ಚು ತೆಗೆಯುವುದು ಎರಡನೆಯದು. ಪಡಿಯಚ್ಚು ಇದ್ದರೆ ಏನೇ ಎಡವಟ್ಟಾದರೂ ಯಂತ್ರವನ್ನು ನಿನ್ನೆಯ ಸ್ಥಿತಿಗೆ ತರಬಹುದು. ಯಾವುದನ್ನೇ ಮಾಡಿದರೂ ಬೇರೆ ಕಂಪ್ಯೂಟರಿಗೆ ಚುಚ್ಚಿ ನಾಲ್ಕಾರು ಕಡತ ತೆರೆದು ನೋಡಬೇಕು. ತೆರೆದು ನೋಡದ ಬ್ಯಾಕಪ್ಪನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಒಟ್ಟು ತೀರ್ಪು

ಕಲಿಯಲು ಮಾತ್ರ ಲಿನಕ್ಸ್ ಬೇಕಾದವರಿಗೆ ಲೈವ್ ಯುಎಸ್‌ಬಿ, ಅಥವಾ 8 ಜಿಬಿಗಿಂತ ಹೆಚ್ಚು ರ್‍ಯಾಮ್ ಇದ್ದರೆ ವರ್ಚುವಲ್ ಮೆಷಿನ್ ಸಾಕು. ಡೆಸ್ಕ್‌ಟಾಪ್ ಇದ್ದವರು ಎರಡನೇ ಡಿಸ್ಕ್ ಹಾಕಿಸಿಕೊಳ್ಳಲಿ. ಬೆಂಬಲ ಮುಗಿದ ವಿಂಡೋಸ್ 10 ಇರುವ ಲ್ಯಾಪ್‌ಟಾಪಿನವರಿಗೆ ಅದೇ ಡಿಸ್ಕಿನ ಡ್ಯುಯಲ್ ಬೂಟ್ ಒಳ್ಳೆಯ ಪರಿಹಾರ: ಇಂಟರ್ನೆಟ್ ಕೆಲಸವೆಲ್ಲ ಲಿನಕ್ಸಿನಲ್ಲಿ, ನುಡಿಯಂಥ ಹಳೆಯ ತಂತ್ರಾಂಶದ ಕೆಲಸ ಮಾತ್ರ ವಿಂಡೋಸಿನಲ್ಲಿ. ಬ್ಯಾಕಪ್ ಇಲ್ಲದವರಿಗೆ ಇವುಗಳಲ್ಲಿ ಡಿಸ್ಕ್ ಮುಟ್ಟುವ ಯಾವ ಮಾರ್ಗವನ್ನೂ ನಾನು ಶಿಫಾರಸು ಮಾಡುವುದಿಲ್ಲ.

ಕೊನೆಯದಾಗಿ ಒಂದು ಮನವಿ. ಬಾಹ್ಯ ಡಿಸ್ಕ್ ಕೊಳ್ಳುವುದು ಪ್ರತಿಯೊಬ್ಬ ವಿದ್ಯಾರ್ಥಿಗೂ ಆಗುವ ಮಾತಲ್ಲ, ಆರು ಜಿಬಿ ಇಳಿಸಿಕೊಳ್ಳುವುದೂ ಎಲ್ಲರಿಗೂ ಸುಲಭವಲ್ಲ. ಆಳಂದ, ಅಫಜಲಪುರ, ಜೇವರ್ಗಿಯ ಪದವಿ ಕಾಲೇಜುಗಳೂ ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳೂ ಪರೀಕ್ಷಿಸಿ ನೋಡಿದ ಒಂದು ಲಿನಕ್ಸ್ ಪೆನ್‌ಡ್ರೈವ್, ಕ್ಲೋನ್‌ಜಿಲ್ಲಾ ಇರುವ ಇನ್ನೊಂದು, ಎರವಲು ಕೊಡಲು ಒಂದು ದೊಡ್ಡ ಡಿಸ್ಕ್ ಇಟ್ಟುಕೊಳ್ಳಲಿ. ಖರ್ಚು ದೊಡ್ಡದಲ್ಲ. ಅಷ್ಟು ಮಾಡಿದರೆ ಈ ಭಾಗದ ನೂರಾರು ಹಳೆಯ ಲ್ಯಾಪ್‌ಟಾಪ್‌ಗಳು ಗುಜರಿಗೆ ಹೋಗದೆ ಇನ್ನೂ ಕೆಲವು ವರ್ಷ ಓದುವ ಮಕ್ಕಳ ಕೈಯಲ್ಲಿ ಉಳಿಯುತ್ತವೆ.